ಮಳೆ ತಡವಾದರೆ, ಕಾಲುವೆ ಕೈಕೊಟ್ಟರೆ ಯಾವ ತಾರೀಖಿಗೆ ಯಾವ ಬೆಳೆಗೆ ಹೊರಳಬೇಕು? (ರಾಯಚೂರು, ಕೊಪ್ಪಳ, ಬಳ್ಳಾರಿ)

ಕೊನೆತೂಬು, ಸಿರವಾರ
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಐದು ಎಕರೆ ಎರೆ (ಕಪ್ಪು ಮಣ್ಣು), ಕಾಲುವೆಗೆ ಸೇರಿದ್ದು. ಮೂರು ಎಕರೆ ಮಸಾರಿ (ಕೆಂಪು ಮಣ್ಣು), ಬರೀ ಮಳೆ ನೆಚ್ಚಿದ್ದು. ನೀರಾವರಿ ಸಲಹಾ ಸಮಿತಿ ಸಭೆ ಆಗಿ ನೀರು ಬಿಟ್ಟರೂ ನಮ್ಮ ತೂಬಿಗೆ ಯಾವಾಗ ಮುಟ್ಟುತ್ತದೆ ಅನ್ನುವುದಕ್ಕೆ ಖಾತ್ರಿ ಇಲ್ಲ. ಎರೆಗೆ ಭತ್ತ ಅಂತ ಕಾದು ಕೂತರೆ ಎಲ್ಲಿವರೆಗೆ ಕಾಯಬಹುದು? ಕಾಯದಿದ್ದರೆ ಯಾವುದರ ನಂತರ ಯಾವುದು? "ಪರಿಸ್ಥಿತಿ ನೋಡಿ ಮಾಡಿ" ಅನ್ನುವ ಉತ್ತರ ಬೇಡ. ತಾರೀಖು, ಬೀಜದ ಪ್ರಮಾಣ, ಎಲ್ಲಿ ಕೆಡುತ್ತದೆ ಅನ್ನುವುದು ಬೇಕು.

ಸಿರುಗುಪ್ಪ ಭತ್ತ
ಭತ್ತದ ಮಾತು ಮೊದಲು. ಬಿಪಿಟಿ-5204 ಸೋನಾ ಮಸೂರಿಗೆ 145–150 ದಿನ ಬೇಕು. ಜುಲೈ ಅರ್ಧದೊಳಗೆ ಸಸಿ ಮಡಿಗೆ ಬೀಜ ಬೀಳದಿದ್ದರೆ ಅದರ ಆಸೆ ಬಿಡಿ. ತಡವಾದ ಬಿಪಿಟಿ ತೆನೆ ಹೊರಡುವ ಹೊತ್ತಿಗೆ ರಾತ್ರಿ ಚಳಿ ಶುರುವಾಗಿರುತ್ತದೆ, ತೆನೆ ಪೂರ್ತಿ ಹೊರಗೆ ಬರುವುದಿಲ್ಲ, ಜೊಳ್ಳು ಜಾಸ್ತಿ, ಬೆಂಕಿ ರೋಗವೂ ಹೆಚ್ಚು. ಅಲ್ಲಿಂದ ಮುಂದೆ ಆಗಸ್ಟ್ ಮೊದಲ ವಾರದವರೆಗೆ ಆರ್‌ಎನ್‌ಆರ್-15048, ಸುಮಾರು 120–125 ದಿನ. ಅದೂ ದಾಟಿದರೆ ಮುಂಗಾರಿಗೆ ಭತ್ತ ಮುಗಿಯಿತು.

ಜನ ತಪ್ಪುವುದು ಸಸಿಯ ವಯಸ್ಸಿನಲ್ಲಿ. ನೀರು ಬರುತ್ತದೆ ಅಂತ ಬೋರಿನ ನೀರಲ್ಲಿ ಮಡಿ ಹಾಕುತ್ತಾರೆ, ಕಾಲುವೆ ತಡವಾಗುತ್ತದೆ, ಸಸಿ 45 ದಿನದ್ದಾಗುತ್ತದೆ. ಅಷ್ಟು ಬಲಿತ ಸಸಿ ತೆಂಡೆ (ಬುಡದ ಕವಲು) ಒಡೆಯುವುದಿಲ್ಲ. ನಾಟಿ ಮಾಡಲೇಬೇಕಾದರೆ ಗುಣಿಗೆ ಎರಡು-ಮೂರರ ಬದಲು ನಾಲ್ಕೈದು ಸಸಿ, ಅಂತರ ಕಡಿಮೆ. ಇಷ್ಟಾದರೂ ಪೂರ್ತಿ ಇಳುವರಿ ನಿರೀಕ್ಷಿಸಬೇಡಿ. ಅದಕ್ಕೇ ಕೊನೆ ಭಾಗದವರು ಮಡಿಯನ್ನು ಒಂದೇ ದಿನ ಹಾಕಬಾರದು. ಹತ್ತು-ಹನ್ನೆರಡು ದಿನದ ಅಂತರದಲ್ಲಿ ಎರಡು ಕಂತು, ಎರಡನೆಯದು ಕಡಿಮೆ ಅವಧಿ ತಳಿ.

ಮೈಲು 104
ಅಣ್ಣಾರೆ, ಕೊನೆ ಭಾಗದವರಿಗೆ ಮಡಿ-ನಾಟಿ ಯಾಕ ಹೇಳ್ತೀರಿ? ಕೂರಿಗೆ ಭತ್ತ, ಅಂದ್ರ ನಾಟಿ ಇಲ್ಲದ ನೇರ ಬಿತ್ತೋದು, ಹೇಳ್ರಿ. ಮಳೆ ಹಸಿಗೆ ಬಿತ್ತಿದ್ರ ಮೊದಲ 30–40 ದಿನ ಕಾಲುವೆ ಕಡೆ ನೋಡೋ ಕೆಲಸಾನೇ ಇಲ್ಲ.

ಸಿರುಗುಪ್ಪ ಭತ್ತ
ಒಪ್ಪುತ್ತೇನೆ, ಆದರೆ ಷರತ್ತು ಇದೆ. ಎಕರೆಗೆ 10–12 ಕೆಜಿ ಬೀಜ, ಸಾಲಿನಿಂದ ಸಾಲಿಗೆ 20–25 ಸೆಂ.ಮೀ., ಆಳ 2–3 ಸೆಂ.ಮೀ. ಇದಕ್ಕಿಂತ ಆಳಕ್ಕೆ ಹೋದರೆ ಎರೆ ಮಣ್ಣಿನ ಹೆಪ್ಪು ಒಡೆದು ಮೊಳಕೆ ಮೇಲೆ ಬರುವುದಿಲ್ಲ. ಹೊಲ ಸಮತಟ್ಟಿಲ್ಲದಿದ್ದರೆ ತಗ್ಗಿನಲ್ಲಿ ಬೀಜ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಗೆಲ್ಲುತ್ತದೆ. ಲೇಸರ್ ಲೆವೆಲರ್ ಹೊಡೆಸದೆ ಕೂರಿಗೆ ಭತ್ತಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಮಾತು.

ಕಳೆ: ಬಿತ್ತಿದ ಮೂರು ದಿನದೊಳಗೆ ಪೆಂಡಿಮಿಥಾಲಿನ್ 30 ಇಸಿ ಎಕರೆಗೆ 1.3 ಲೀಟರ್, ನೆಲ ಹಸಿ ಇದ್ದಾಗ ಮಾತ್ರ. ಒಣ ಮಣ್ಣಿನ ಮೇಲೆ ಹೊಡೆದರೆ ದುಡ್ಡು ದಂಡ. ನಂತರ ಕಳೆ 2–4 ಎಲೆ ಇದ್ದಾಗ ಬಿಸ್‌ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ 100 ಮಿ.ಲೀ. ಮೂರನೇ ವಾರಕ್ಕೆ ಎಳೆ ಎಲೆ ಬೆಳ್ಳಗೆ ಹಳದಿಯಾದರೆ ಯೂರಿಯಾ ಎರಚಲು ಓಡಬೇಡಿ. ನೀರು ನಿಲ್ಲದ ಸುಣ್ಣದ ಎರೆಯಲ್ಲಿ ಅದು ಕಬ್ಬಿಣದ ಕೊರತೆ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಜೊತೆಗೆ ಚಿಟಿಕೆ ನಿಂಬೆ ಉಪ್ಪು, ವಾರದ ಅಂತರದಲ್ಲಿ ಎರಡು ಸಲ ಸಿಂಪಡಿಸಿ.

ಲೆಕ್ಕದವ, ಬಳ್ಳಾರಿ
ಬೆಳೆಗಿಂತ ಮೊದಲು ನೀರಿನ ಲೆಕ್ಕ ಮಾಡಿ. ನಾಟಿ ಭತ್ತಕ್ಕೆ ಸುಮಾರು 1200 ಮಿ.ಮೀ. ನೀರು ಹಿಡಿದರೆ ಒಂದು ಎಕರೆಗೆ 48 ಲಕ್ಷ ಲೀಟರ್. ಅದೇ ನೀರಲ್ಲಿ ಜೋಳ, ಸಜ್ಜೆಯಂಥ ಅರೆ ನೀರಾವರಿ ಬೆಳೆ ಎರಡೂವರೆ ಎಕರೆ ಆಗುತ್ತದೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದೇ ಬಹುಪಾಲು ಅರೆ ನೀರಾವರಿ ಬೆಳೆಗೆ. 227 ಕಿ.ಮೀ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಮಾನ್ವಿ, ಸಿರವಾರ, ರಾಯಚೂರಿನ ಪಾಲು ಕರಗುತ್ತದೆ.

ಇನ್ನೊಂದು. ತುಂಗಭದ್ರಾ ಜಲಾಶಯ ಪೂರ್ಣ ಮಟ್ಟ 1633 ಅಡಿ ತುಂಬಿತು ಅಂತ ಪೇಪರಿನಲ್ಲಿ ಓದಿ ಭತ್ತಕ್ಕೆ ಇಳಿಯಬೇಡಿ. ಹೂಳು ತುಂಬಿ ಸಾಮರ್ಥ್ಯ ಸುಮಾರು 105.8 ಟಿಎಂಸಿಗೆ ಇಳಿದಿದೆ, ಕಟ್ಟಿದಾಗ 130ರ ಮೇಲಿತ್ತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಜಲಾಶಯ ತುಂಬೇ ಇತ್ತು. ಹರಿಯುವ ನೀರಲ್ಲೇ ತುಂಡು ತುಂಡಾಗಿ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟಿನ ಹಲಗೆ) ಇಳಿಸಿ 17ರ ಹೊತ್ತಿಗೆ ನಿಲ್ಲಿಸಿದರು. ಆ ಹೊತ್ತಿಗೆ ಬಹಳ ನೀರು ನದಿಗೆ ಹೋಗಿತ್ತು. ಮುಂದೆ ಮಳೆ ಬಂದು ಮತ್ತೆ ತುಂಬಿದ್ದು ಪುಣ್ಯ. ಆ ಒಂದು ವಾರದಲ್ಲಿ ಬೇರೆ ಬೀಜ ಕೈಯಲ್ಲಿದ್ದವನಿಗೂ ಇಲ್ಲದವನಿಗೂ ಇದ್ದ ವ್ಯತ್ಯಾಸವೇ ಈ ಚರ್ಚೆಯ ತಿರುಳು.

ಮಸಾರಿ, ಕುಷ್ಟಗಿ
ಮಸಾರಿ ಮೂರು ಎಕರೆ ಬಗ್ಗೆ ನಾ ಹೇಳ್ತೀನಿ. ನಕ್ಷತ್ರದ ಲೆಕ್ಕದಾಗ ಹಿಡಕೊಳ್ರಿ, ತಾರೀಖು ತಾನ ಬರ್ತಾವ.

ರೋಹಿಣಿ, ಮೃಗಶಿರ (ಮೇ 25ರಿಂದ ಜೂನ್ 21) ಹದ ಆದ್ರ ಹೆಸರು, ಶೇಂಗಾ, ತೊಗರಿ ಯಾವುದಕ್ಕೂ ಅಡ್ಡಿ ಇಲ್ಲ. ಆರಿದ್ರಾ, ಪುನರ್ವಸು (ಜುಲೈ 19ರ ತನ) ಸಜ್ಜೆ, ನವಣೆ, ಸಜ್ಜೆ-ತೊಗರಿ ಅಕ್ಕಡಿ. ಪುಷ್ಯದಾಗ (ಆಗಸ್ಟ್ 2ರ ತನ) ಶೇಂಗಾ ಬಿಡ್ರಿ. ಎಕರೆಕ್ಕ 50–60 ಕೆಜಿ ಕಾಳು ಹಾಕಿ, ಊಡು (ಹೂವಿನಿಂದ ನೆಲಕ್ಕ ಇಳಿಯೋ ಸೂಜಿ) ಇಳಿಯೋ ಹೊತ್ತಿಗೆ ನೆಲ ಬಿಗಿದ್ರ ಬೀಜದ ರೊಕ್ಕ ಸೈತ ಹುಟ್ಟೂದಿಲ್ಲ. ಪುಷ್ಯಕ್ಕ ಸಜ್ಜೆ, ನವಣೆ, ಸೂರ್ಯಕಾಂತಿ ನಡೀತಾವ. ಆಶ್ಲೇಷಾ, ಮಘಾಕ್ಕ (ಆಗಸ್ಟ್ 30) ಹುರುಳಿ, ಮಡಕಿ. ಹುರುಳಿ ಎಕರೆಕ್ಕ 8–10 ಕೆಜಿ. ಅದರ ಮುಂದಿನ ಹುಬ್ಬಿ ಮಳೀಗೂ ಹುರುಳಿ ಬರ್ತದ, ಕಾಳು ಕಡಿಮಿ ಆದ್ರೂ ಹೊಟ್ಟು ದನಕ್ಕ ಆಗ್ತದ.

ಸಜ್ಜೆ ಬೀಜ ಎಕರೆಕ್ಕ ಎರಡು ಕೆಜಿ ಒಳಗ, ನವಣೆ 3–4 ಕೆಜಿ. ಎರಡೂ 80–90 ದಿನದ್ದು. ಸಜ್ಜೆ ಬೀಜಕ್ಕ ಮೆಟಲಾಕ್ಸಿಲ್ 35 ಎಸ್‌ಡಿ ಕೆಜಿಗೆ 6 ಗ್ರಾಂ ಲೇಪನ ಮಾಡ್ರಿ, ಇಲ್ಲಾಂದ್ರ ಬೂಜು ತುಪ್ಪಟ ರೋಗಕ್ಕ ತೆನೆ ಇದ್ದದ್ದು ಎಲೆ ಆಗ್ತದ. ಮನಿ ಬೀಜ ಇದ್ರ ಹತ್ತು ಲೀಟರ್ ನೀರಿಗೆ ಒಂದು ಕೆಜಿ ಉಪ್ಪು ಕರಗಿಸಿ ಅದರಾಗ ಹಾಕ್ರಿ. ತೇಲಿದ್ದು ಎಲ್ಲಾ ತೆಗೆದು ಒಗೀರಿ, ಅದರಾಗ ಎರ್ಗಟ್ (ಜೋನಿ) ರೋಗದ ಗಂಟು ಇರ್ತಾವ. ಮುಳುಗಿದ್ದನ್ನ ಒಳ್ಳೆ ನೀರಾಗ ತೊಳೆದು ನೆರಳಾಗ ಒಣಗಿಸಿ ಆಮೇಲೆ ಔಷಧ ಹಚ್ರಿ.

ತೊಗರಿಸಾಲು, ಲಿಂಗಸುಗೂರು
ಕುಷ್ಟಗಿ ಅಣ್ಣನ ಪಟ್ಟಿಗೆ ಒಂದು ತಿದ್ದುಪಡಿ. ಸಜ್ಜೆ-ತೊಗರಿ ಅಂದರೆ ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ. ಈ ಅಕ್ಕಡಿಯ ಗುಣ ಏನೆಂದರೆ ಮಳೆ ಎಲ್ಲಿ ಕೈಕೊಟ್ಟರೂ ಎರಡರಲ್ಲಿ ಒಂದು ಉಳಿಯುತ್ತದೆ. ಆಗಸ್ಟ್‌ನಲ್ಲಿ ಮಳೆ ನಿಂತರೆ ಸಜ್ಜೆ ಸೊರಗುತ್ತದೆ, ಬೇರು ಆಳಕ್ಕೆ ಬಿಟ್ಟ ತೊಗರಿ ಸೆಪ್ಟೆಂಬರ್‌ನ ಉತ್ತರೆ ಮಳೆಗೆ ಎದ್ದು ನಿಲ್ಲುತ್ತದೆ. ಆಗಸ್ಟ್ ಚೆನ್ನಾಗಿದ್ದು ಹಿಂಗಾರಿ ಹೋದರೆ ಸಜ್ಜೆ ಆಗಲೇ ಕಣದಲ್ಲಿರುತ್ತದೆ.

ತಡವಾದರೆ ತೊಗರಿ ತಳಿ ಬದಲಿಸಿ. ಜುಲೈ ಅರ್ಧದ ನಂತರ ದೀರ್ಘಾವಧಿಯವು ಬೇಡ, ಟಿಎಸ್-3ಆರ್ ತರುವುದು ಒಳ್ಳೆಯದು. ಬೇಗ ಬರುತ್ತದೆ, ಸೊರಗು ರೋಗ ತಡೆಯುತ್ತದೆ. ತಡವಾಗಿ ಬಿತ್ತಿದ ಗಿಡ ಎತ್ತರ ಬೆಳೆಯುವುದಿಲ್ಲ, ಹಾಗಾಗಿ ಸಾಲಿನ ಅಂತರ ಸ್ವಲ್ಪ ಕಡಿಮೆ ಮಾಡಿ ಗಿಡದ ಸಂಖ್ಯೆ ಹೆಚ್ಚಿಸಬೇಕು. ಜೂನಿನ ಅಂತರದಲ್ಲೇ ಬಿತ್ತಿದರೆ ನೆಲ ಖಾಲಿ ಉಳಿಯುತ್ತದೆ.

ಎರೆ ಇದ್ದವರಿಗೆ ನಾಟಿ ತೊಗರಿಯೂ ಇದೆ. ಮೇ ಕೊನೆಗೆ 4×6 ಇಂಚಿನ ಪಾಲಿಥಿನ್ ಚೀಲದಲ್ಲಿ ಎರಡೆರಡು ಬೀಜ, ಟ್ರೈಕೊಡರ್ಮಾ (ರೋಗ ತಡೆಯುವ ಶಿಲೀಂಧ್ರ) ಬೆರೆಸಿದ ಗೊಬ್ಬರ-ಮಣ್ಣು. 30–35 ದಿನದ ಸಸಿ ಹೊಲಕ್ಕೆ. 5×3 ಅಡಿಗೆ ಎಕರೆಗೆ ಸುಮಾರು 2,900 ಗಿಡ, ಬೀಜ ಒಂದು ಕೆಜಿ ಸಾಕು. ಮಳೆ ಒಂದು ತಿಂಗಳು ತಡವಾದರೂ ಬೆಳೆಯ ವಯಸ್ಸು ನಷ್ಟವಾಗುವುದಿಲ್ಲ. ಆದರೆ ಸಸಿ ಚೀಲದಲ್ಲಿ 45 ದಿನ ದಾಟಿದರೆ ತಾಯಿ ಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ, ನೆಟ್ಟ ಮೇಲೆ ಗಾಳಿಗೆ ವಾಲುತ್ತದೆ. ನೆಟ್ಟು ಮೂರು ವಾರಕ್ಕೆ ಕುಡಿ ಚಿವುಟಿ. ಹೂ ಕಾಣಿಸಿದಾಗ ರಾಯಚೂರು ಕೃಷಿ ವಿ.ವಿ.ಯ ಪಲ್ಸ್ ಮ್ಯಾಜಿಕ್ ಪೋಷಕಾಂಶ ಪುಡಿ ಎಕರೆಗೆ 2 ಕೆಜಿ, 200 ಲೀಟರ್ ನೀರಿಗೆ. ಹದಿನೈದು ದಿನಕ್ಕೆ ಇನ್ನೊಮ್ಮೆ. ಪ್ಯಾಕೆಟ್ಟಿನ ಜೊತೆ ಬರುವ ಚೋದಕ ಬಾಟಲಿಯನ್ನು ಮರೆತು ಬರೀ ಪುಡಿ ಹೊಡೆಯುವವರೇ ಹೆಚ್ಚು.

ಅಕ್ಕಡಿ ಅಕ್ಕ, ಯಲಬುರ್ಗಾ
ನವಣೆ ಎಲ್ಲರೂ ಹೇಳ್ತಾರ, ಮಾರೋದು ಎಲ್ಲಿ ಅಂತ ಯಾರೂ ಹೇಳಂಗಿಲ್ಲ. ಸಜ್ಜೆಗೆ, ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಅದ. 2025–26ಕ್ಕ ಸಜ್ಜೆ ಕ್ವಿಂಟಲ್‌ಗೆ ₹2,775, ತೊಗರಿ ₹8,000 ಇತ್ತು. ಆ ಪಟ್ಟಿಯಾಗ ನವಣೆ ಇಲ್ಲ. ಖರೀದಿ ಮಾಡೋರು ಗೊತ್ತಿಲ್ಲದ ಐದೆಕರೆ ನವಣೆ ಬಿತ್ತಬ್ಯಾಡ್ರಿ. ಒಂದೆಕರೆ ಮನಿಗೆ, ಬೀಜಕ್ಕ. ಸಿಪ್ಪಿ ಸಮೇತ ಇಟ್ರ ನವಣೆ ವರ್ಷಗಟ್ಟಲೆ ಹುಳ ಹತ್ತಲಾರದ ಇರ್ತದ, ಮುಂದಿನ ವರ್ಷ ಬೀಜ ಸಿಗಲಿಲ್ಲಾಂದ್ರ ಅದೇ ಆಧಾರ. ಸಜ್ಜೆ ಹಾಂಗ ಅಲ್ಲ, ಹಿಟ್ಟು ಬೀಸಿದ್ರ ವಾರದಾಗ ಕಹಿ ಆಗ್ತದ.

ಕೊನೆತೂಬು, ಸಿರವಾರ
ಮಸಾರಿ ಸ್ಪಷ್ಟವಾಯಿತು. ಎರೆಗೆ ನೀರು ಬರಲೇ ಇಲ್ಲ ಅಂತ ಆಗಸ್ಟ್‌ನಲ್ಲಿ ಗೊತ್ತಾದರೆ ಆಗಲೇ ಏನಾದರೂ ಬಿತ್ತಬೇಕೋ, ಹಿಂಗಾರಿಗೆ ಬಿಡಬೇಕೋ?

ಎರೆಹೊಲ, ಸಿಂಧನೂರು
ಹಿಂಗಾರಿಗೆ ಬಿಡಿ. ಆಗಸ್ಟ್ ನಡುವೆ ಹೆಸರು ಬಿತ್ತಿದರೆ ಅಕ್ಟೋಬರ್ ತನಕ ನೆಲದ ಹಸಿ ಕುಡಿಯುತ್ತದೆ, ಕಡಲೆ ಬಿತ್ತುವ ಹೊತ್ತಿಗೆ ಹೊಲ ಬಿರುಕು ಬಿಟ್ಟಿರುತ್ತದೆ. ಹೆಸರು-ಕಡಲೆ ಜೋಡಿ ನಡೆಯುವುದು ಹೆಸರು ಜೂನಿನಲ್ಲಿ ಬಿದ್ದರೆ ಮಾತ್ರ.

ಖಾಲಿ ಬಿಟ್ಟರೂ ಸುಮ್ಮನೆ ಬಿಡಬಾರದು. ಬಂಡ್ ಫಾರ್ಮರ್‌ನಿಂದ (ಬದು ಕಟ್ಟುವ ಸಾಧನ) ಉದ್ದಕ್ಕೂ ಅಡ್ಡಕ್ಕೂ ಹೊಡೆದು ಚೌಕು ಮಡಿ ಮಾಡಿ. ಇಳಿಜಾರು ಕಡಿಮೆ ಇದ್ದರೆ 4.5×4.5 ಮೀಟರ್, ಜಾಸ್ತಿ ಇದ್ದರೆ 3×3. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ದೊಡ್ಡ ಮಳೆಗೆ ಮಡಿ ಒಡೆದರೆ ಮರುದಿನವೇ ಕಟ್ಟಬೇಕು, ಒಂದು ಒಡೆದರೆ ಕೆಳಗಿನದೆಲ್ಲ ಸಾಲಾಗಿ ಒಡೆಯುತ್ತದೆ. ಕಳೆ ಹುಟ್ಟಿದರೆ ಸೆಪ್ಟೆಂಬರ್‌ನಲ್ಲಿ ಕುಂಟಿ ಹೊಡೆದು ಮಟ್ಟ ಮಾಡಿ, ಹಾಗೇ ಬಿತ್ತನೆಗೆ ಹೋಗಿ.

ಹಿಂಗಾರಿ ಜೋಳ (ಎಂ 35-1) ಸೆಪ್ಟೆಂಬರ್ ಎರಡನೇ ಅರ್ಧದಿಂದ ಅಕ್ಟೋಬರ್ ಅರ್ಧದವರೆಗೆ, ಎಕರೆಗೆ 3 ಕೆಜಿ. ಕಡಲೆ ಅಕ್ಟೋಬರ್ ಪೂರ್ತಿ, ಅಂದರೆ ಹಸ್ತ, ಚಿತ್ತೆ, ಸ್ವಾತಿ. ಜೆಜಿ-11 ಎಕರೆಗೆ 20–25 ಕೆಜಿ, 30×10 ಸೆಂ.ಮೀ. ಯಂತ್ರದಲ್ಲಿ ಕೊಯ್ಯುವುದಾದರೆ ಎತ್ತರದ ಎನ್‌ಬಿಇಜಿ-47. ಕಡಲೆಯನ್ನು 8–10 ಸೆಂ.ಮೀ. ಆಳಕ್ಕೆ ಹಸಿಯಲ್ಲಿ ಕೂರಿಸಬೇಕು. ಸೆಪ್ಟೆಂಬರ್‌ನಲ್ಲೇ ಅವಸರ ಮಾಡಿದರೆ ಬಿಸಿ ಮಣ್ಣಿನಲ್ಲಿ ಸೊರಗು, ಬುಡ ಕೊಳೆ. ನವೆಂಬರ್ ಮೊದಲ ವಾರ ದಾಟಿದರೆ ಕಾಯಿ ತುಂಬುವಾಗ ಫೆಬ್ರವರಿ ಬಿಸಿಲು ಹೊಡೆಯುತ್ತದೆ.

ಬೀಜ ಕಠಿಣಗೊಳಿಸುವುದು: ಕ್ಯಾಲ್ಸಿಯಂ ಕ್ಲೋರೈಡ್ ಲೀಟರಿಗೆ 20 ಗ್ರಾಂ, ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಸುಮಾರು ಏಳು ಗಂಟೆ ಒಣಗಿಸಿ. ರಾತ್ರಿಯಿಡೀ ನೆನೆ ಹಾಕಿದರೆ ಸಿಪ್ಪೆ ಸಡಿಲಾಗಿ ಕೂರಿಗೆಯಲ್ಲಿ ಬೇಳೆಯಾಗುತ್ತದೆ. ಒಣಗಿದ ಮೇಲೆ ಟ್ರೈಕೊಡರ್ಮಾ ಕೆಜಿಗೆ 4 ಗ್ರಾಂ, ಕೊನೆಗೆ ರೈಜೋಬಿಯಂ.

ಮೈಲು 104
ಸವಳು ಇದ್ದ ಹೊಲಕ್ಕ ಕಡಲಿ ಹೇಳಬ್ಯಾಡ್ರಿ. ವರ್ಷಾನುಗಟ್ಟಲೆ ಭತ್ತ ನಿಂತ ಕಡೆ ಬ್ಯಾಸಗ್ಯಾಗ ಬೆಳ್ಳಗ ಉಪ್ಪು ಏಳ್ತದಲ್ಲ, ಅಲ್ಲಿ ಕಡಲಿ ಮೊಳಕಿ ಒಡೆದು ಅಂಚು ಕೆಂಪಾಗಿ ಸಾಯ್ತದ. ಅಂಥಲ್ಲಿ ಕುಸುಬಿ, ಇಲ್ಲಾಂದ್ರ ಜೋಳ. ಕುಸುಬಿ ಎಕರೆಕ್ಕ 3–4 ಕೆಜಿ. ಮುಳ್ಳಿಗೆ ಆಳು ಬರಂಗಿಲ್ಲ ಅನ್ನೋದೊಂದೇ ತಕರಾರು, ಈಗ ಕಟಾವು ಯಂತ್ರ ಸಿಗ್ತಾವ.

ಎರೆಹೊಲ, ಸಿಂಧನೂರು
ಸರಿಯಾದ ಮಾತು. ಮಣ್ಣು ಪರೀಕ್ಷೆ ಚೀಟಿಯಲ್ಲಿ ಲವಣಾಂಶದ ಸಾಲು ನೋಡದೆ ಕಡಲೆ ಬೀಜ ತರಬೇಡಿ.

ಲೆಕ್ಕದವ, ಬಳ್ಳಾರಿ
ಕೃಷಿ ಹೊಂಡದ ಲೆಕ್ಕವೂ ಇರಲಿ. 12×12×3 ಮೀಟರ್ ಹೊಂಡ, ಬದಿ 1:1 ಇಳಿಜಾರು ಇದ್ದರೆ ತಳ 6×6 ಆಗುತ್ತದೆ. ಹಿಡಿಯುವ ನೀರು ಸುಮಾರು 250 ಘನ ಮೀಟರ್, ಅಂದರೆ ಎರಡೂವರೆ ಲಕ್ಷ ಲೀಟರ್. 432 ಅಂತ ಗುಣಿಸಿ ಹೇಳುವವರು ಇಳಿಜಾರು ಮರೆತಿರುತ್ತಾರೆ. ಒಂದು ಎಕರೆಗೆ ಒಂದು ಇಂಚು ನೀರಿಗೆ ಒಂದು ಲಕ್ಷ ಲೀಟರ್ ಬೇಕು. ಆವಿ, ಸೋರಿಕೆ ಕಳೆದರೆ ತುಂಬಿದ ಹೊಂಡ ಎರಡು ಎಕರೆಗೆ ಒಂದು ರಕ್ಷಣಾ ನೀರು, ಅಷ್ಟೇ. ಆ ಒಂದು ನೀರನ್ನು ಎಲೆ ಬಾಡಿದ ದಿನ ಕೊಡಬೇಡಿ, ಹೂ ಬಿಡುವ ಅಥವಾ ಕಾಯಿ ಕಟ್ಟುವ ಹಂತಕ್ಕೆ ಉಳಿಸಿ. ಮಸಾರಿಯಲ್ಲಿ 500 ಮೈಕ್ರಾನ್ ಹಾಳೆ ಹಾಸದೆ ನೀರು ನಿಲ್ಲುವುದಿಲ್ಲ. ಒಳ್ಳೆ ಎರೆಯಲ್ಲಿ ಹಾಳೆ ಬೇಕಿಲ್ಲ, ಆದರೆ ಸುತ್ತ ಬೇಲಿ ಎರಡೂ ಮಣ್ಣಿನಲ್ಲಿ ಬೇಕೇ ಬೇಕು. ಮಕ್ಕಳು, ದನ ಬಿದ್ದರೆ ಹಾಳೆಯ ಮೇಲೆ ಹತ್ತಿ ಬರಲು ಆಗುವುದಿಲ್ಲ. ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ.

ಮಸಾರಿ, ಕುಷ್ಟಗಿ
ನಡುವ ಮಳೆ ಹೋದ್ರ ಏನು ಮಾಡಬೇಕು ಅದೂ ಹೇಳಿಬಿಡ್ತೀನಿ. ಎಡೆಕುಂಟಿ (ಸಾಲಿನ ನಡುವಿನ ಕುಂಟಿ) ಹೊಡೆಯೋದು ಬಿಡಬ್ಯಾಡ್ರಿ, ಕಳೆ ಇಲ್ಲದಿದ್ರೂ ಹತ್ತು-ಹದಿನೈದು ದಿನಕ್ಕೊಮ್ಮೆ. ಮೇಲಿನ ಎರಡಿಂಚು ಮಣ್ಣು ಪುಡಿ ಆದ್ರ ಬಿರುಕು ಮುಚ್ಚಿ ಕೆಳಗಿನ ಹಸಿ ಉಳೀತದ. ಯೂರಿಯಾ ಮೇಲುಗೊಬ್ಬರ ಹಸಿ ಇದ್ರ ಮಾತ್ರ, ಇಲ್ಲಾಂದ್ರ ಚೀಲ ಮನ್ಯಾಗ ಇರಲಿ. ಇಪ್ಪತ್ತು ದಿನ ಮಳೆ ಇಲ್ಲಾಂದ್ರ ಸಜ್ಜೆಯಾಗ ಮೂರು ಸಾಲಿಗೆ ಒಂದು ಸಾಲು ಕಿತ್ತು ದನಕ್ಕ ಹಾಕ್ರಿ, ಉಳಿದ ಎರಡು ಬದುಕ್ತಾವ. ಕಿತ್ತೋದಕ್ಕ ಕೈ ಬರಂಗಿಲ್ಲ, ಗೊತ್ತು. ತಡ ಮಾಡಿದ್ರ ಮೂರೂ ಹೋಗ್ತಾವ. ಮಳೆ ಬಂದ ಮ್ಯಾಲೆ 19:19:19 ಗೊಬ್ಬರ ಲೀಟರಿಗೆ 5 ಗ್ರಾಂ ಸಿಂಪಡಿಸಿದ್ರ ಲಗೂ ಚೇತರಿಸ್ತದ.

ಪಶು ವಿಚಾರ, ದೇವದುರ್ಗ
ಇಲ್ಲಿ ಎಚ್ಚರ. ಕಿತ್ತು ದನಕ್ಕೆ ಹಾಕುವುದು ಸಜ್ಜೆಗೆ ಸರಿ, ಜೋಳಕ್ಕೆ ಬೇಡ. ಹೂವಾಡುವ ಮುಂಚಿನ, ಬರಕ್ಕೆ ಬಾಡಿದ ಎಳೆ ಜೋಳದಲ್ಲೂ, ಕೊಯ್ದ ಮೇಲೆ ಮಳೆಗೆ ಚಿಗುರಿದ ಕೂಳೆಯಲ್ಲೂ ಸೈನೈಡ್ ವಿಷ ಹೆಚ್ಚಿರುತ್ತದೆ. ಹಸಿದ ದನ ಒಮ್ಮೆಲೇ ಮೇದರೆ ಹೊಟ್ಟೆ ಉಬ್ಬರ ಅಂತ ತಿಳಿಯುವಷ್ಟರಲ್ಲಿ ಜೀವ ಹೋಗಿರುತ್ತದೆ. ಕಿತ್ತಿದ್ದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿ. ಉಸಿರುಗಟ್ಟಿ ನಡುಗುತ್ತಿದ್ದರೆ ಮನೆ ಮದ್ದು ಹುಡುಕದೆ ಕೂಡಲೇ ಪಶು ವೈದ್ಯರನ್ನು ಕರೆಯಿರಿ.

ಅಕ್ಕಡಿ ಅಕ್ಕ, ಯಲಬುರ್ಗಾ
ವಿಮಾ ಬಗ್ಗೆ ಯಾರಾದ್ರೂ ಬರೀರಿ. ಬೆಳೆ ಬದಲಿಸಿದೋರಿಗೆ ಅಲ್ಲೇ ಪೆಟ್ಟು ಬೀಳೋದು.

ಲೆಕ್ಕದವ, ಬಳ್ಳಾರಿ
ಹೌದು ಅಕ್ಕಾ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ 2%, ಹಿಂಗಾರಿಗೆ 1.5%, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5%. ಭತ್ತಕ್ಕೆ ಕಟ್ಟಿ ಸಜ್ಜೆ ಬಿತ್ತಿದರೆ ಬೆಳೆ ಸಮೀಕ್ಷೆಯಲ್ಲಿ ಸಜ್ಜೆ ಬರುತ್ತದೆ, ವಿಮೆಯಲ್ಲಿ ಭತ್ತ ಇರುತ್ತದೆ, ಅರ್ಜಿ ತಿರಸ್ಕಾರ. ಬೆಳೆಯ ಹೆಸರು ಬದಲಿಸುವುದಿದ್ದರೆ ನೋಂದಣಿಯ ಕೊನೆ ದಿನಕ್ಕೆ ಎರಡು ದಿನ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಅಕ್ಕಡಿ ಇದ್ದರೆ ಎರಡೂ ಬೆಳೆ ದಾಖಲಾಗಿದೆಯೇ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಅವಧಿಯಲ್ಲೇ ಸರಿಪಡಿಸಿ.

ವಿಮಾ ಘಟಕದ (ಸಾಮಾನ್ಯವಾಗಿ ಗ್ರಾಮ ಪಂಚಾಯತಿ) 75%ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ 25% ಕೊಟ್ಟು ಪಾಲಿಸಿ ಮುಗಿಸುತ್ತಾರೆ. ಅದು ಒಬ್ಬರ ಹೊಲಕ್ಕೆ ಅನ್ವಯಿಸುವುದಿಲ್ಲ, ಇಡೀ ಘಟಕಕ್ಕೆ. ಆಲಿಕಲ್ಲು, ನೀರು ನಿಂತು ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು.

ಕೊನೆತೂಬು, ಸಿರವಾರ
ಹಾಗಾದರೆ ಎರೆಯಲ್ಲಿ ಎರಡು ಎಕರೆ ಮಾತ್ರ ಕೂರಿಗೆ ಭತ್ತ, ಮೂರು ಎಕರೆ ಚೌಕು ಮಡಿ ಮಾಡಿ ಕಡಲೆ-ಜೋಳಕ್ಕೆ. ಮಸಾರಿಗೆ ಸಜ್ಜೆ-ತೊಗರಿ, ತಪ್ಪಿದರೆ ಹುರುಳಿ. ಕಡಲೆ ಬೀಜ, ಹುರುಳಿ ಬೀಜ ಈಗಲೇ ತಂದಿಡಬೇಕೇ? ಎರೆಯ ಆ ಮೂರು ಎಕರೆಯಲ್ಲಿ ಒಂದು ಎಕರೆಗೆ ಹೋದ ವರ್ಷ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಬಿದ್ದಿದೆ, ತೊಂದರೆಯೇ?

ಎರೆಹೊಲ, ಸಿಂಧನೂರು
ಹುರುಳಿ ತಂದಿಡಿ, ಬೆಲೆ ಕಡಿಮೆ, ಉಳಿದರೂ ನಷ್ಟವಿಲ್ಲ. ಕಡಲೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಸೆಪ್ಟೆಂಬರ್‌ನಲ್ಲಿ ಸಹಾಯಧನದ ಬೀಜ ಬಂದ ಕೂಡಲೇ ತೆಗೆದುಕೊಳ್ಳಿ. ಈಗಲೇ ತಂದರೆ ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ. ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. 85ಕ್ಕಿಂತ ಕಡಿಮೆ ಬಂದರೆ ಬೀಜದ ಪ್ರಮಾಣ ಏರಿಸಿ.

ಅಟ್ರಾಜಿನ್ ಬಗ್ಗೆ: ಮಳೆ ಚೆನ್ನಾಗಿ ಬಿದ್ದಿದ್ದರೆ ವರ್ಷದಲ್ಲಿ ಕರಗುತ್ತದೆ. ಬರ ವರ್ಷದಲ್ಲಿ, ಅದರಲ್ಲೂ ಸುಣ್ಣದ ಎರೆಯಲ್ಲಿ ನಿಧಾನ. ಕಡಲೆ ಅದಕ್ಕೆ ತೀರಾ ಸೂಕ್ಷ್ಮ, ಜೋಳ ತಡೆಯುತ್ತದೆ. ತೊಗರಿಗೆ ಇಮಾಜೆಥಾಪೈರ್ ಕಳೆನಾಶಕ ಹೊಡೆದ ಹೊಲದಲ್ಲಿ ಇದು ತಿರುವು ಮುರುವು: ಬೇಳೆಕಾಳಿಗೆ ತೊಂದರೆಯಿಲ್ಲ, ಜೋಳ-ಸಜ್ಜೆ ಕುಂಠಿತವಾಗುತ್ತದೆ. ಸೆಪ್ಟೆಂಬರ್ ಮೊದಲ ವಾರ ಆ ಎಕರೆಯ ಐದಾರು ಕಡೆ ನಾಲ್ಕಿಂಚು ಆಳದ ಮಣ್ಣು ತೆಗೆದು ಬೆರೆಸಿ ಎರಡು ಕುಂಡಕ್ಕೆ ತುಂಬಿ. ಔಷಧ ಬೀಳದ ಬದುವಿನ ಮಣ್ಣು ಇನ್ನೆರಡಕ್ಕೆ. ಎಲ್ಲದಕ್ಕೂ ಹತ್ತತ್ತು ಕಡಲೆ ಹಾಕಿ, ಬಿಸಿಲಲ್ಲಿಟ್ಟು ನೀರು ಕೊಡಿ. ಅಟ್ರಾಜಿನ್ ಇದ್ದರೂ ಮೊಳಕೆ ಚೆನ್ನಾಗೇ ಬರುತ್ತದೆ, ಅಲ್ಲಿಗೇ ನಂಬಬೇಡಿ. ಮೂರು ವಾರ ನೋಡಿ, ಹಳೆ ಎಲೆಯ ಅಂಚು ಹಳದಿಯಾಗಿ ಸುಟ್ಟಂತಾದರೆ ಆ ಎಕರೆಗೆ ಜೋಳ ಹಾಕಿ.